ಬಲಗಡೆ ಏನೂ ಇಲ್ಲವಂತೆ, ಅಮ್ಮ

ಅಮ್ಮಾ,

ಇವತ್ತು ಅಷ್ಟಮಿ. ನನಗೆ ಒಂದು ಹೊತ್ತಿನ ಊಟ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ಹಾಲು ಕರೆದು, ಬಾವಿಯ ನೀರನ್ನು ನೀನು ಕಲಿಸಿದ ಹಾಗೆ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸಿದೆ. ಬಟ್ಟೆಯಲ್ಲಿ ಉಳಿದದ್ದನ್ನು ತೊಳೆದು ಮತ್ತೆ ಬಾವಿಗೇ ಇಳಿಸಿದೆ, ಕಣ್ಣಿಗೆ ಕಾಣದ ಜೀವಗಳು ಅವುಗಳ ಮನೆಗೆ ಹೋಗಲಿ ಎಂದು. ಬಸದಿಗೆ ಹೋಗಿ ಬಂದೆ. ಮನೆಯಲ್ಲಿ ಎಲ್ಲ ಎಂದಿನ ಹಾಗೆಯೇ ಉಂಟು. ನಾನು ಮಾತ್ರ ಎಂದಿನ ಹಾಗಿಲ್ಲ. ನಿನ್ನ ಮಗಳಿಗೆ ಇರುವುದು ಒಂದೇ ಕಿಡ್ನಿ ಅಮ್ಮ. ಹುಟ್ಟುವಾಗಲೇ ಒಂದು. ಇದನ್ನು ಬರೆಯುವಾಗಲೂ ನನ್ನ ಎಡಗೈ ಬಲ ಸೊಂಟದ ಹಿಂದೆ ಹೋಗಿ ಮುಟ್ಟಿ ನೋಡುತ್ತದೆ. ಅಲ್ಲಿ ಏನೂ ಇಲ್ಲವಂತೆ.

ಮೊನ್ನೆಯ ಅನಂತ ಚತುರ್ದಶಿಯಿಂದ ಹೇಳಬೇಕು. ನಿನಗೆ ಗೊತ್ತಲ್ಲ, ಆ ದಿನ ನಾನು ನೀರನ್ನೂ ಮುಟ್ಟುವುದಿಲ್ಲ. ಆ ದಿನ ಬಚ್ಚಲಿಗೆ ಹೋದದ್ದೇ ಕಡಿಮೆ, ಸಂಜೆಯಿಂದ ಪೂರ್ತಿ ನಿಂತೇ ಹೋಯಿತು. ನನಗೆ ಏನೂ ಅನಿಸಲಿಲ್ಲ. ಒಳಗೆ ನೀರು ಹೋಗದಿದ್ದರೆ ಹೊರಗೆ ಎಲ್ಲಿಂದ ಬರಬೇಕು? ಉಪವಾಸ ಚೆನ್ನಾಗಿ ನಡೆಯಿತು ಎಂದು ಒಳಗೊಳಗೆ ಸಂತೋಷವೇ ಆಗಿತ್ತು. ಮರುದಿನ ಪಾರಣೆ ಮಾಡಿದೆ, ಹೊಟ್ಟೆ ತುಂಬ ನೀರು ಕುಡಿದೆ. ಆದರೂ ಇಲ್ಲ. ಒಣಗಿದ ಗದ್ದೆ ಮೊದಲ ಮಳೆಯನ್ನು ಕುಡಿದುಬಿಡುವ ಹಾಗೆ ಮೈ ಕುಡಿದಿರಬೇಕು ಎಂದುಕೊಂಡೆ. ಸಂಜೆಗೆ ಎಡ ಬೆನ್ನಿನ ಕೆಳಗೆ ನೋವು ಶುರುವಾಯಿತು. ಹೆರಿಗೆ ನೋವು ಅದರ ಮುಂದೆ... ಬೇಡ ಬಿಡು. ವಾಂತಿಯಾಯಿತು. ನಿನ್ನ ಮೊಮ್ಮಗಳು ಪ್ರತಿಭಾ ನನ್ನ ಮುಖ ನೋಡಿ, "ಅಮ್ಮಾ, ಕಣ್ಣು ಯಾಕೆ ಇಷ್ಟು ಊದಿದೆ? ಬಚ್ಚಲಿಗೆ ಹೋದದ್ದು ಯಾವಾಗ?" ಎಂದು ಕೇಳಿದಳು. ನಾನು ಹೇಳಿದೆ. ಅವಳು ಸೀದಾ ಹೋಗಿ ಪಕ್ಕದ ಮನೆಯ ಕಾರು ತರಿಸಿದಳು.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹುಡುಗ ಹೊಟ್ಟೆಗೆ ತಣ್ಣನೆಯ ಅಂಟು ಹಚ್ಚಿ ಎಡಗಡೆ ನೋಡಿದ, ಬಲಗಡೆ ನೋಡಿದ, ಮತ್ತೆ ಬಲಗಡೆ ನೋಡಿದ. ಮಗ್ಗುಲಾಗಿ ಎಂದ. ಕವುಚಿ ಮಲಗಿ ಎಂದ. ಕಡೆಗೆ ಕೇಳಿದ, "ಅಮ್ಮಾ, ನಿಮಗೆ ಮೊದಲು ಆಪರೇಷನ್ ಏನಾದರೂ ಆಗಿದೆಯಾ?"

"ಇಲ್ಲ ಮಗಾ."

"ಕಿಡ್ನಿ ಯಾರಿಗಾದರೂ ಕೊಟ್ಟಿದ್ದೀರಾ?"

"ಬಸದಿಗೆ ಅಕ್ಕಿ ಕೊಟ್ಟಿದ್ದೇನೆ. ಕಿಡ್ನಿ ಕೊಟ್ಟದ್ದು ನೆನಪಿಲ್ಲ."

ಅವನು ನಗಲಿಲ್ಲ. ಎದ್ದು ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದ. ಇಬ್ಬರೂ ಸೇರಿ ಹುಡುಕಿದರು. ಕೊಟ್ಟಿಗೆಯಲ್ಲಿ ಕಳೆದ ಹಗ್ಗ ಹುಡುಕಿದ ಹಾಗೆ ನನ್ನ ಮೈಯೊಳಗೆ ಹುಡುಕಿದರು ಅಮ್ಮ, ನಾನು ಅಲ್ಲೇ ಮಲಗಿದ್ದೇನೆ. "ಇವರಿಗೆ ಬಲಗಡೆಯದ್ದು ಇಲ್ಲವೇ ಇಲ್ಲ," ಎಂದರು ಡಾಕ್ಟರು. "ಇರುವ ಒಂದರ ನಾಳಕ್ಕೆ ಕಲ್ಲು ಅಡ್ಡ ಕೂತಿದೆ. ಈಗಲೇ ಮಂಗಳೂರಿಗೆ ಹೋಗಿ." ನಿನ್ನ ಅಳಿಯ ಬಾಗಿಲಲ್ಲಿ ನಿಂತಿದ್ದರು. ಕಾರಿನಲ್ಲಿ ಕೂತ ಮೇಲೆ, "ಮದುವೆಯ ಹೊತ್ತಿಗೆ ನಿನ್ನ ಅಮ್ಮ ಇದನ್ನು ಹೇಳಲಿಲ್ಲ. ಈಗ ವಾಪಸು ಕೊಡಲಿಕ್ಕೂ ಆಗುವುದಿಲ್ಲ," ಎಂದರು. ತಮಾಷೆಗೇ ಹೇಳಿದ್ದು. ಮಂಗಳೂರು ಬರುವವರೆಗೂ ನನ್ನ ಕೈ ಬಿಡಲಿಲ್ಲ.

ಮಂಗಳೂರಿನಲ್ಲಿ ಕೆಳಗಿನಿಂದ ಸಪೂರದ ಟ್ಯೂಬ್ ಹಾಕಿ ದಾರಿ ಬಿಡಿಸಿದರು. ಎಚ್ಚರವಾದಾಗ ಮಂಚಕ್ಕೆ ಕಟ್ಟಿದ ಚೀಲದಲ್ಲಿ ಹನಿ ಹನಿಯಾಗಿ ತುಂಬುತ್ತಿತ್ತು. ಬೇಸಿಗೆಯಲ್ಲಿ ಬತ್ತಿದ ಬಾವಿಗೆ ಒರತೆ ಬಂದ ಹಾಗೆ. ನನಗೆ ಅಳು ತಡೆಯಲಾಗಲಿಲ್ಲ. ನರ್ಸ್ ಹೇಳಿದಳು, "ಮೂತ್ರ ಬಂತು ಅಂತ ಅಳುವವರನ್ನು ನಾನು ಇವತ್ತೇ ನೋಡುವುದು ಮಾರಾಯ್ರೆ." ಐವತ್ತು ವರ್ಷ ಇದು ತಾನಾಗಿಯೇ ಆಗುತ್ತಿತ್ತು. ಒಂದು ದಿನವಾದರೂ ಇದಕ್ಕೆ ಕೈ ಮುಗಿದಿದ್ದೆನಾ?

ಡಾಕ್ಟರು ಮರುದಿನ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಬೆನ್ನಿನ ಕಡೆ, ಕೆಳಗಿನ ಪಕ್ಕೆಲುಬಿನ ಹತ್ತಿರ, ಅಲಸಂಡೆ ಬೀಜದ ಆಕಾರದ್ದು ಎರಡು ಇರಬೇಕು. ಗಾತ್ರದಲ್ಲಿ ಒಂದೊಂದೂ ಮುಷ್ಟಿಯಷ್ಟು. ಒಂದೊಂದರಿಂದ ಒಂದೊಂದು ಸಪೂರ ನಾಳ ಇಳಿದು ಮೂತ್ರದ ಚೀಲಕ್ಕೆ ಸೇರುತ್ತದೆ. ಚೀಲ ತುಂಬಿದಾಗ ನಮಗೆ ಗೊತ್ತಾಗುತ್ತದೆ, ಅಲ್ಲಿಂದ ಹೊರಗೆ. ಮೈಯ ರಕ್ತವೆಲ್ಲ ಹಗಲು ರಾತ್ರಿ ಆ ಬೀಜಗಳ ಒಳಗೆ ಹೋಗಿ ಸೋಸಿಕೊಂಡು ಬರುತ್ತದಂತೆ. "ಸೋಸಿದ್ದೆಲ್ಲ ಹೊರಗೆ ಹೋಗ್ತದಾ?" ಎಂದು ಕೇಳಿದೆ. "ಇಲ್ಲ ಅಮ್ಮ, ಹಾಗೆ ಹೋದರೆ ನೀವು ಒಂದು ದಿನ ಬದುಕುವುದಿಲ್ಲ. ನೀರಿನ ಹೆಚ್ಚಿನ ಪಾಲನ್ನೂ ಬೇಕಾದ ಉಪ್ಪನ್ನೂ ಅದು ಮತ್ತೆ ರಕ್ತಕ್ಕೇ ಕೊಡ್ತದೆ. ಕಸ ಮಾತ್ರ ಸ್ವಲ್ಪ ನೀರಿನ ಜೊತೆ ಹೊರಗೆ," ಎಂದರು. ಸೋಸುವುದು, ಉಳಿಸಬೇಕಾದ್ದನ್ನು ಬಂದಲ್ಲಿಗೇ ಬಿಡುವುದು. ನಿನ್ನ ಬಾವಿಕಟ್ಟೆಯ ಕೆಲಸ ನನ್ನ ಬೆನ್ನಿನೊಳಗೆ ನಡೆಯುತ್ತಿತ್ತು ಅಮ್ಮ, ಯಾರೂ ಹೇಳಿಕೊಡದೆ. ಅದೂ ಒಂದೇ ಬಟ್ಟೆಯಲ್ಲಿ. ಒಂಟಿಯಾಗಿ ಇಬ್ಬರ ಕೆಲಸ ಮಾಡಿ ಅದು ದಪ್ಪವಾಗಿದೆಯಂತೆ. ಮೂರು ಬಾಣಂತನವನ್ನೂ ಅದೊಂದೇ ದಾಟಿಸಿತು. ಬಲಗಡೆಯ ಖಾಲಿ ಜಾಗದಲ್ಲಿ ಏನುಂಟು ಎಂದು ಕೇಳಿದರೆ, ಕರುಳು ಬಂದು ಕೂತಿದೆ ಎಂದರು. ಖಾಲಿ ಜಾಗವನ್ನು ಮೈ ಕೂಡ ಬಿಡುವುದಿಲ್ಲ ನೋಡು.

ಶಾಲೆಗೆ ಹೋಗುವ ಕಾಲದಲ್ಲಿ ನನಗೆ ಆಗಾಗ ಉರಿಮೂತ್ರ ಆಗುತ್ತಿತ್ತಲ್ಲ, ನೆನಪುಂಟಾ? ನೀನು ಉಷ್ಣ ಎಂದು ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಲಾವಂಚ ಹಾಕಿದ ನೀರು ಕುಡಿಸುತ್ತಿದ್ದೆ. ಬೆಳ್ತಂಗಡಿಗೆ ಮದುವೆಗೆ ಹೊರಟರೆ ಮಾತ್ರ, "ಬೆಳಿಗ್ಗೆಯಿಂದ ನೀರು ಕುಡಿಯಬೇಡ ಮಗಾ, ದಾರಿಯಲ್ಲಿ ಎಲ್ಲಿ ಹೋಗುವುದು," ಎನ್ನುತ್ತಿದ್ದೆ. ನಿನ್ನದು ತಪ್ಪು ಎನ್ನುವುದಿಲ್ಲ. ಆಗ ಎಲ್ಲಿ ಜಾಗ ಇತ್ತು ಹೆಂಗಸರಿಗೆ? ಆದರೆ ನಿನ್ನ ಮನಸ್ಸಿಗೆ ಯಾವತ್ತಾದರೂ ಹೊಳೆದಿತ್ತಾ, ಈ ಮಗುವಿನೊಳಗೆ ಏನೋ ಒಂದು...

ನೀನು ಹೋಗುವ ಹಿಂದಿನ ದಿನ ಸಂಜೆ ನನ್ನ ಕೈ ಹಿಡಿದುಕೊಂಡದ್ದನ್ನು ಹೇಗೆ ಮರೆಯಲಿ? ಹೊತ್ತು ಮುಳುಗಿತ್ತು. ತುಟಿ ಒಣಗಿದ್ದರೂ, ನಾನು ನೀರು ಹಿಡಿದರೆ ನೀನು ತಲೆ ಅಲ್ಲಾಡಿಸಿದೆ, ಬೇಡ ಎಂದು. "ಹೊತ್ತು ಮುಳುಗಿದ ಮೇಲೆ ನೀರೂ ಇಲ್ಲ. ಇದು ನನ್ನ ಅಮ್ಮನಿಂದ ಬಂದದ್ದು. ನಿನ್ನಲ್ಲಿ ಕಡಿದು ಹೋಗಬಾರದು," ಎಂದೆ ನೀನು. ನಾನು ಹೂಂ ಎಂದೆ. ಅಲ್ಲಿಂದ ಇಲ್ಲಿಯವರೆಗೆ ಕಡಿಯಲಿಲ್ಲ. ಈಗ ಡಾಕ್ಟರು ಹೇಳುತ್ತಾರೆ, ಉಪ್ಪುನೀರು ಬತ್ತಿದರೆ ಪಾತ್ರೆಯ ಅಡಿಯಲ್ಲಿ ಹರಳು ಕೂರುವ ಹಾಗೆ ನನ್ನೊಳಗೆ ಕಲ್ಲು ಕೂತದ್ದಂತೆ. "ಹಗಲಿಗೆ ಹೆಚ್ಚು ಕುಡಿದರೆ ಸಾಲದಾ?" ಎಂದೆ. "ಸಾಲದು. ರಾತ್ರಿಯೇ ಮೂತ್ರ ದಪ್ಪ ಆಗುವುದು. ಮಲಗುವ ಮೊದಲು ಒಂದು ಲೋಟ ಕುಡಿಯಲೇಬೇಕು. ಎರಡಿದ್ದವರಿಗೆ ಒಂದು ಕಟ್ಟಿದರೆ ಇನ್ನೊಂದು ಉಂಟು. ನಿಮಗೆ?" ಎಂದರು.

ನಮ್ಮ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರನ್ನು ಕೇಳಿದೆ. "ಕಾಯಿಲೆಯವರಿಗೆ ನಿಯಮ ಸಡಿಲ ಉಂಟು. ಔಷಧಿ ಅಂತ ಕುಡಿಯಿರಿ," ಎಂದರು. "ನಾನು ಮಾತು ಕೊಟ್ಟದ್ದು ಅಮ್ಮನಿಗೆ," ಎಂದೆ. "ಹಾಗಾದರೆ ಅಮ್ಮನನ್ನೇ ಕೇಳಬೇಕಷ್ಟೆ," ಎಂದು ನಕ್ಕುಬಿಟ್ಟರು. ಅವರು ನಗಾಡಿ ಹೇಳಿದ್ದು, ನಾನು ನಿಜವಾಗಿಯೇ ಮನೆಗೆ ಬಂದು ಕಾಗದ ತೆಗೆದೆ. ನೀನು ಇನ್ನೊಂದು ಹುಟ್ಟು ಪಡೆದು ಎಲ್ಲೋ ಯಾರದ್ದೋ ಮಡಿಲಲ್ಲಿ ಇರುತ್ತೀ, ಇದನ್ನು ಓದುವುದಿಲ್ಲ ಎಂದು ನನಗೆ ಗೊತ್ತುಂಟು. ಆದರೂ ಬೇರೆ ಯಾರನ್ನು ಕೇಳಲಿ?

ನಿನ್ನೆ ಸಂಜೆ ಪ್ರತಿಭಾ ಸೋಸಿ ಕಾಯಿಸಿದ ನೀರನ್ನು ಚೆಂಬಿನಲ್ಲಿ ತಂದು ನನ್ನ ತಲೆದಿಂಬಿನ ಹತ್ತಿರ ಮುಚ್ಚಿಟ್ಟಳು. ನಾನು ಗೋಡೆ ಕಡೆ ತಿರುಗಿದೆ. ಅವಳು ಹೋಗಲಿಲ್ಲ. "ಬಾವಿಯ ಹುಳಕ್ಕೆ ಮನೆ ದಾರಿ ತಪ್ಪಬಾರದು ಅಂತ ದಿನಾ ನೋಡ್ತೀ. ನಿನ್ನ ಒಳಗಿರುವ ಆ ಒಂದು ಕಿಡ್ನಿಯೂ ಜೀವ ಅಲ್ಲವಾ ಅಮ್ಮ? ಅದರ ಮೇಲೆ ಯಾಕೆ ದಯೆ ಇಲ್ಲ?" ಎಂದಳು. ಅಮ್ಮಾ, ಇಷ್ಟು ವರ್ಷ ಅಹಿಂಸೆ ಅಹಿಂಸೆ ಎಂದು ಹೇಳಿಕೊಂಡು ಬಂದವಳು ನಾನು, ಆ ಒಂಟಿ ಪ್ರಾಣಿಯನ್ನು ಬಾಯಾರಿಸಿ ಕೂರಿಸಿದ್ದೆ ಎಂದರೆ...

ಪುಂಜಾಲಕಟ್ಟೆಯ ಚಿಕ್ಕಮ್ಮ ಹೇಳುತ್ತಾಳೆ, ನೀನು ಅವಳ ಕನಸಿಗೆ ಬರುವುದುಂಟಂತೆ. ನನ್ನ ಕನಸಿಗೆ ನೀನು ಬರುವುದಿಲ್ಲ, ಅದಿರಲಿ. ನಿನ್ನ ತಂಗಿಯ ಕನಸಿನಲ್ಲೇ ಬಂದು ಹೇಳು, ಕುಡಿಯಬಹುದಾ ಬಾರದಾ ಎಂದು. ಬರುವ ಭಾನುವಾರ ಹೋಗಿ ಉತ್ತರ ತಾ ಎಂದು ಪ್ರತಿಭಾಗೆ ಹೇಳಿದ್ದೇನೆ. ಅಲ್ಲಿಯವರೆಗೆ ನಾನು ದಿನಾ ರಾತ್ರಿ ಒಂದು ಲೋಟ ಕುಡಿಯುತ್ತೇನೆ, ಇವತ್ತಿನಿಂದಲೇ. ಬೇಡ ಎನ್ನುವುದಾದರೆ ಬೇಗ ಹೇಳಿ ಕಳುಹಿಸು. ಅಡ್ಡಿಯಿಲ್ಲ ಎನ್ನುವುದಾದರೆ ಅವಸರವಿಲ್ಲ ಅಮ್ಮ. ಈ ಭಾನುವಾರ ಅಲ್ಲದಿದ್ದರೆ ಮುಂದಿನ ಭಾನುವಾರ ಅವಳು ಇನ್ನೊಮ್ಮೆ ಹೋಗಿ ಕೇಳಿಕೊಂಡು ಬರಲಿ.

ನಿನ್ನ ಮಗಳು
ಸುಮತಿ