ಎದುರು ಪುಟದ ಮುಖ

11 ಸೆಪ್ಟೆಂಬರ್ 2025, ಗುರುವಾರ. ಮಧ್ಯಾಹ್ನ 2.40

ಮಗಳು ಮಲಗಿದಳು. ಮೂಗಿನ ಕೆಳಗೆ ಬೆರಳಿಟ್ಟು ನೋಡಿದೆ. ಉಸಿರಿದೆ. ಇನ್ನು ಇಪ್ಪತ್ತು ನಿಮಿಷ ನನ್ನದು. ಹೆಚ್ಚೆಂದರೆ ಅರ್ಧ ಗಂಟೆ.

ಏಳನೇ ತಿಂಗಳ ಪುಟ ಮುಗಿಸಬೇಕು. ಫೋಟೋ ನಿನ್ನೆಯೇ ತೆಗೆದಾಗಿದೆ, ಅತ್ತೆ ಪೂಜೆಗೆ ಕೂತ ಹೊತ್ತು ನೋಡಿ. ವರ್ಷ ತುಂಬುವವರೆಗೆ ಮಗುವಿನ ಫೋಟೋ ತೆಗೆಯಬಾರದು ಅನ್ನುತ್ತಾರೆ ಅವರು. ದೃಷ್ಟಿ ಆಗುತ್ತದಂತೆ. ಫೋನಿನಲ್ಲಿ ಆಲ್ಬಮ್ ಇರುವುದು ಸಿದ್ದರಾಮೇಶ್‌ಗೆ ಮಾತ್ರ ಗೊತ್ತು. ಗಂಡನಿಗಾದರೂ ಗೊತ್ತಿರಲಿ ಅಂತ ಹೇಳಿದ್ದೇನೆ.

ಪ್ರತಿ ತಿಂಗಳು ಹತ್ತನೇ ತಾರೀಕು. ಅದೇ ಹಸಿರು ಶಾಲು, ಅದೇ ಎತ್ತರ. ಆ್ಯಪ್‌ನಲ್ಲಿ ಸಿಗುವ ರೆಡಿಮೇಡ್ ಪುಟಗಳು ನನಗಾಗಲ್ಲ — ಒಂದರಲ್ಲಿ ಬಲೂನು, ಒಂದರಲ್ಲಿ ಆನೆ, ಒಂದಕ್ಕೊಂದು ಸಂಬಂಧವಿಲ್ಲ. ನನ್ನದು ನಾನೇ ಮಾಡಿಕೊಂಡೆ. ಹಿನ್ನೆಲೆ ತಿಳಿ ಹಳದಿ. ತಾರೀಕು ಕೆಳಗಿನ ಮೂಲೆಯಲ್ಲಿ. ಕೆಳಗೆ ಎರಡು ಸಾಲು, ಆ ತಿಂಗಳು ಏನು ಕಲಿತಳು ಅಂತ. ಮೊದಲ ಐದು ತಿಂಗಳು ತವರಿನವು. ಗಡಿನಾಡಿನ ರತ್ನಗಿರಿ ಹತ್ತಿರದ ನಮ್ಮೂರು, ಪಡಸಾಲೆಯ ಬಿಸಿಲು. ಆರರಿಂದ ರಾಯದುರ್ಗದ ಈ ನಡುಕೋಣೆ. ಕಿಟಕಿಗೆ ಎದುರು ಪಕ್ಕದವರ ಗೋಡೆ. ಫ್ಲ್ಯಾಶ್ ಇಲ್ಲದೆ ಆಗಲ್ಲ.

ಇನ್ನೊಂದು ನಿಯಮ. ಎದುರುಬದುರು ಪುಟಗಳಲ್ಲಿ ಮುಖಗಳು ಒಳಕ್ಕೆ ನೋಡುತ್ತಿರಬೇಕು. ಇಲ್ಲದಿದ್ದರೆ ಮಗು ಪುಸ್ತಕ ಬಿಟ್ಟು ಹೋಗುವ ಹಾಗೆ ಕಾಣುತ್ತದೆ. ಇಂಚರಳೋ, ಯಾವಾಗಲೂ ಒಂದೇ ಕಡೆ ತಿರುಗುತ್ತಾಳೆ. ಹಾಗಾಗಿ ಎಡಪುಟದ್ದು ಇದ್ದ ಹಾಗೆ, ಬಲಪುಟದ್ದಕ್ಕೆ ಫ್ಲಿಪ್. ಒಂದು ಗುಂಡಿ ಒತ್ತಿದರೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಬಿಡುತ್ತದೆ.

ಮನೆಯಲ್ಲಿ ಇದೊಂದೇ ಕೆಲಸ, ಇಟ್ಟದ್ದು ಇಟ್ಟಲ್ಲೇ ಇರುವುದು.

ಎದ್ದಳು.


14 ಸೆಪ್ಟೆಂಬರ್, ಭಾನುವಾರ. ಬೆಳಿಗ್ಗೆ 5.15

ಏಳನೇ ಪುಟ ದೊಡ್ಡದು ಮಾಡಿ ನೋಡುತ್ತಿದ್ದೆ. ಒಂದು ಕಣ್ಣಿನ ಪಾಪೆ ಕಪ್ಪು. ಇನ್ನೊಂದು ಬಿಳಿ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ಹಾಗೆ.

ಆರನೇ ಪುಟ ತೆಗೆದೆ. ಅಲ್ಲೂ ಇದೆ. ಚಿಕ್ಕದು. ಮೊದಲೇಕೆ ಕಾಣಲಿಲ್ಲ...

ಸಿದ್ದರಾಮೇಶ್‌ನನ್ನು ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಎರಡೂ ಪುಟ ನೋಡಿದ.

"ಆರನೇದ್ರಾಗ ಎಡಗಣ್ಣು. ಏಳನೇದ್ರಾಗ ಬಲಗಣ್ಣು. ಹೌದಲ್ಲ?"

"ಹೌದು."

"ರೋಗ ಆಗಿದ್ರ ಒಂದೇ ಕಣ್ಣಾಗ ಇರ್ತಿತ್ತು. ತಿಂಗಳಿಗೊಮ್ಮೆ ಮನಿ ಬದಲಿ ಮಾಡ್ತೈತೇನು? ಲೈಟು ಅದು. ನಮ್ಮ ಯೂನಿಟ್ನಾಗ ಜೀನ್ಸ್ ಬಟನ್ ಮ್ಯಾಲೆ ಫ್ಲ್ಯಾಶ್ ಬಿದ್ರ ಹಂಗೇ ಹೊಳಿತಾವ."

"ಒಂದ್ಸಲ ತೋರಿಸಿಕೊಂಡು ಬರೋಣ."

"ಬಿಕ್ಕಳಿಕಿಗೆ ತೋರಿಸಿದ್ವಿ. ಹಸರು ಭೇದಿಗೆ ತೋರಿಸಿದ್ವಿ. ನೆತ್ತಿ ಮಿಡಿತೈತಿ ಅಂತ ತೋರಿಸಿದ್ವಿ. ನಿನ್ನ ತಲಿಯೊಳಗ ಒಂದು ಆಸ್ಪತ್ರಿ ಐತಿ ನೋಡು ರಮ್ಯಾ, ಇಪ್ಪತ್ನಾಲ್ಕು ತಾಸು ಬಾಗ್ಲಾ ತೆರೆದೇ ಇರ್ತೈತಿ."

ಅಂದು, ಹೊರಳಿ ಮಲಗಿದ. ಸಿಟ್ಟಿನಿಂದಲ್ಲ, ನಗುತ್ತಲೇ.

ಸರಿ. ಎರಡೂ ಕಣ್ಣಿನಲ್ಲಿ ಬರುವುದಾದರೆ ಲೈಟೇ ಇರಬೇಕು.


12 ಅಕ್ಟೋಬರ್, ಭಾನುವಾರ. ಮಧ್ಯಾಹ್ನ

ಒಂದು ತಿಂಗಳಿಂದ ಬರೆದಿಲ್ಲ. ನಿದ್ದೆ ಎರಡು ಗಂಟೆ, ಒಂದೂವರೆ ಗಂಟೆ... ತುಂಡುತುಂಡು.

ಎಂಟನೇ ತಿಂಗಳು. ಎಡಪುಟ, ಫ್ಲಿಪ್ ಬೇಡ. ಮತ್ತೆ ಬಿಳಿ. ಈ ಸಲ ಎಡಗಣ್ಣು. ಆರು — ಎಡ. ಏಳು — ಬಲ. ಎಂಟು — ಎಡ.

ಗೂಗಲ್‌ನಲ್ಲಿ ಹುಡುಕಿದೆ. ನಾಲ್ಕು ಸಾಲು ಓದಿ ಫೋನ್ ಮಗುಚಿ ಇಟ್ಟೆ. ಆ ಪದ ಇಲ್ಲಿ ಬರೆಯಲ್ಲ.

ಕಣ್ಣು ಸ್ವಲ್ಪ ಓರೆಯಾಗುತ್ತಿದೆ ಅನ್ನಿಸಿ ಅಮ್ಮನಿಗೆ ಫೋನ್ ಮಾಡಿದೆ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು, ಸ್ಪೀಕರ್‌ನಲ್ಲಿ ಬರೀ ಸರಸರ ಸದ್ದು.

"ಮೆಳ್ಳೆಗಣ್ಣು ಅದೃಷ್ಟ ಕಣಮ್ಮಿ. ನಿಮ್ಮ ಅಜ್ಜಿಗೂ ಇತ್ತು. ನೀನು ಒಂದು ಹೊತ್ತು ನಿದ್ದೆ ಮಾಡು, ಎಲ್ಲಾ ನೆಟ್ಟಗೆ ಕಾಣ್ತೈತೆ."

ಸಿದ್ದರಾಮೇಶ್‌ಗೂ ತೋರಿಸಿದೆ, ಡಾಕ್ಟರ ಹತ್ತಿರ ಹೋಗೋಣ ಅಂದೆ. ಅವನು ಏನೂ ವಾದ ಮಾಡಲಿಲ್ಲ. ಮೂರೂ ಪುಟ ಸಾಲಾಗಿ ಸರಿಸಿ, "ಎಡ, ಬಲ, ಎಡ. ಲೈಟೇ ಅದು, ನೀನೇ ನೋಡು" ಅಂದ.

ನೋಡಿದೆ. ನಂಬಬೇಕು ಅನ್ನಿಸಿತು. ನಂಬಿದೆ.


22 ಅಕ್ಟೋಬರ್, ಬುಧವಾರ. ಸಂಜೆ 4

ಆದದ್ದು ಆದ ಹಾಗೆ ಬರೆಯಬೇಕು.

ಹಬ್ಬಕ್ಕೆ ಬೆಳುಗುಪ್ಪದಿಂದ ಉಷಾರಾಣಿ ಅತ್ತಿಗೆ ಬಂದಿದ್ದಾರೆ, ಸಿದ್ದರಾಮೇಶ್‌ನ ಅಕ್ಕ. ಊಟವಾದ ಮೇಲೆ ಪಕ್ಕ ಕೂತು, "ತಮ್ಮ ಎಲ್ಲಾ ಹೇಳ್ಯಾನ. ಪುಟ್ಟಿದು ಬುಕ್ ಮಾಡಿಯಂತಲ್ಲ, ತೋರಿಸು" ಅಂದರು. ಅತ್ತೆ ಹಿತ್ತಲಲ್ಲಿದ್ದಾರೆ ಅಂದುಕೊಂಡು ಫೋನ್ ತೆಗೆದೆ. ಐದು, ಆರು, ಏಳು...

ಹಿಂದಿನಿಂದ ದನಿ.

"ಇದನ್ನ ಯಾರು ಇಟ್ಟಿದ್ದು?"

ಅತ್ತೆ. ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಾರೆ. ಫೋಟೋ ತೆಗೆದದ್ದಕ್ಕೆ ಬೈಯುತ್ತಾರೆ ಅಂದುಕೊಂಡೆ.

"ಯಾವುದು ಅತ್ತೆ?"

"ದೃಷ್ಟಿಬೊಟ್ಟು. ಬಲಗೆನ್ನಿಗೆ ಐತಿ. ನಾ ಎಂದರ ಬಲಗೆನ್ನಿಗೆ ಇಟ್ಟೀನೇನು? ನನ್ನ ಮಕ್ಕಳಿಗೂ ಎಡಗೆನ್ನಿಗೇ, ಮೊಮ್ಮಗಳಿಗೂ ಎಡಗೆನ್ನಿಗೇ. ಒಂದಿನ ತಪ್ಪಿಲ್ಲ. ನಾ ಇಟ್ಟದ್ದು ಒರಸಿ ನೀ ಬ್ಯಾರೆ ಇಟ್ಟಿಯೇನು?"

"ಇಲ್ಲ ಅತ್ತೆ, ನಾನು ಮುಟ್ಟೇ ಇಲ್ಲ."

"ಬಿಡವ್ವಾ," ಅತ್ತಿಗೆ ನಕ್ಕರು, "ಕಂಪ್ಯೂಟರ್ ಬೊಟ್ಟು ಇರಬೇಕು."

"ಕಂಪ್ಯೂಟರಿಗೇನು ದೃಷ್ಟಿ ಆಗ್ತೈತಾ? ಹಿಂದಿಂದು ತೆಗಿ. ನೋಡಿಲ್ಲಿ, ಇದ್ರಾಗ ಎಡಕ್ಕೇ ಐತಿ. ಮುಂದಿಂದು ತೆಗಿ. ಇದ್ರಾಗೂ ಎಡಕ್ಕೇ. ನಡುವಿಂದು ಒಂದೇ ಬಲಕ್ಕೆ. ಇದು ನಿನ್ನ ಕೆಲಸನೇ."

ನನ್ನ ಕೆಲಸವೇ.

ತವರಿನಲ್ಲಿ ಅಮ್ಮ ಬೊಟ್ಟು ಇಡುತ್ತಿದ್ದುದು ಅಂಗಾಲಿಗೆ. ಕೆನ್ನೆಯ ಬೊಟ್ಟು ಆರರಿಂದ ಮಾತ್ರ. ಆರು, ಎಂಟು — ಎಡಪುಟ, ಇದ್ದ ಹಾಗೆ. ಏಳು — ಬಲಪುಟ. ಫ್ಲಿಪ್. ಬೊಟ್ಟು ಎಡಗೆನ್ನೆಯಿಂದ ಬಲಗೆನ್ನೆಗೆ ಹೋದದ್ದು ಹಾಗೆ. ಬೊಟ್ಟು ಹೋಯಿತು ಅಂದರೆ ಕಣ್ಣೂ ಹೋಯಿತು. ಎಡ, ಬಲ, ಎಡ ಅಲ್ಲ. ಎಡ, ಎಡ, ಎಡ.

ಫೋನ್ ಅತ್ತಿಗೆಯ ಕೈಗೆ ಕೊಟ್ಟು ಒಳಗೆ ಹೋದೆ. ಇಂಚರ ಡಬ್ಬಿಯ ಮುಚ್ಚಳ ಬಡಿಯುತ್ತಾ ಕೂತಿದ್ದಳು. ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. ಕಿರುಚಿದಳು, ನನ್ನ ಕೈ ಕಿತ್ತು ತೆಗೆದಳು. ಎಡಗಣ್ಣನ್ನು ಮುಚ್ಚಿದೆ.

ಏನೂ ಆಗಲಿಲ್ಲ. ಮುಚ್ಚಳ ಬಡಿಯುತ್ತಲೇ ಇದ್ದಳು.

ಮತ್ತೆ ಮಾಡಿದೆ. ಮತ್ತೆ. ಐದು ಸಲ.


24 ಅಕ್ಟೋಬರ್, ಶುಕ್ರವಾರ. ಬಸ್ಸಿನಲ್ಲಿ

ಮಗುವಿನ ಕಣ್ಣು ಅಂಗೈಯಿಂದ ಮುಚ್ಚಿ ತೋರಿಸಿದೆ. ಸಿದ್ದರಾಮೇಶ್ ಒಂದೇ ಸಲ ನೋಡಿದ, ಚಪ್ಪಲಿ ಹಾಕಿಕೊಂಡ. ಹಬ್ಬಕ್ಕೆ ಎಲ್ಲಾ ಮುಚ್ಚಿತ್ತು, ಇವತ್ತು ಬಳ್ಳಾರಿಯ ಕಣ್ಣಿನ ಡಾಕ್ಟರು ಸಿಕ್ಕರು. ನಾವು ಒಳಗೆ ಹೋದಾಗ ಹರಟುತ್ತಿದ್ದವರು ಕಣ್ಣಿಗೆ ಲೈಟು ಬಿಟ್ಟು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡರು. ಒಂದು ಚೀಟಿ ಬರೆದರು.

"ಬೆಂಗಳೂರಿಗೆ ಹೋಗ್ರಿ. ಮನಿಗೆ ಹೋಗಿ ಬಟ್ಟಿ ತಗೊಂಡು ನಾಳೆ ನಾಡಿದ್ದು ಅನ್ನಬ್ಯಾಡ್ರಿ."

ಆದರೂ ಅತ್ತೆಯನ್ನು ಕರೆದುಕೊಂಡು ಹೋಗಲು ಮನೆಗೆ ವಾಪಸ್. ಮಗು ನನ್ನ ಮಡಿಲಲ್ಲಿ. ಸಿದ್ದರಾಮೇಶ್ ಕಿಟಕಿ ಕಡೆ ಮುಖ.

"ನಾನೇ ಲೈಟು ಅಂದೆ" ಅಂದ. "ಎರಡು ಸಲ ಅಂದೆ. ನೀ ಎರಡೂ ಸಲ ಕೇಳಿದಿ, ತೋರಿಸೋಣ ಅಂತ."

ಮುಂದಿನ ಸೀಟಿನ ಕಂಬಿಗೆ ಹಣೆ ಹಚ್ಚಿ ಅತ್ತ.

ಅವನು ಲೈಟು ಅಂದದ್ದು ನಾನು ತಿರುಗಿಸಿಟ್ಟ ಪುಟ ನೋಡಿ. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. "ಅಳಬೇಡ, ಮಗು ಏಳ್ತಾಳೆ" ಅಂದೆ, ಅಷ್ಟೇ.

ಅವನು ತನ್ನದೇ ತಪ್ಪು ಅಂದುಕೊಂಡಿದ್ದಾನೆ. ನನಗೆ ಒಂದು ಕ್ಷಣ ಹಗುರವಾಯಿತು. ಇದನ್ನೂ ಬರೆದಿಡುತ್ತೇನೆ.


27 ಅಕ್ಟೋಬರ್, ಸೋಮವಾರ. ಬೆಂಗಳೂರು

ಅದೇ. ನಾನು ಬರೆಯದ ಪದವನ್ನು ಡಾಕ್ಟರ್ ಹೇಳಿದರು, ಮೆಲ್ಲಗೆ. ಕಣ್ಣಿನೊಳಗಿನ ಕ್ಯಾನ್ಸರ್. ಚಿಕ್ಕ ವಯಸ್ಸಿನ ಹೆಂಗಸು, ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು.

"ಫೋಟೋ ಇದೆಯಾ? ತುಂಬಾ ತಾಯಂದಿರು ಫೋಟೋದಲ್ಲೇ ಮೊದಲು ನೋಡಿರ್ತಾರೆ."

ಆಲ್ಬಮ್ ಕೊಟ್ಟೆ. ಪುಟ ಸರಿಸುತ್ತಾ ಹೋದರು. "ಎಷ್ಟು ನೀಟಾಗಿ ಮಾಡಿದ್ದೀರಿ." ಆಮೇಲೆ ನಿಂತರು. ಮುಂದೆ, ಹಿಂದೆ, ಮತ್ತೆ ಮುಂದೆ.

"ಎರಡೂ ಕಣ್ಣಲ್ಲಿ ಕಾಣ್ತಿದೆಯಲ್ಲ..."

ಫೈಲಿನಲ್ಲಿ ಬರೆಯತೊಡಗಿದರು. ಎರಡೂ ಕಣ್ಣು ಅಂತ. ಪೆನ್ನು ಕಾಗದದ ಮೇಲೆ ಓಡುವುದು ಕಾಣುತ್ತಿತ್ತು. ಪಕ್ಕದಲ್ಲಿ ಸಿದ್ದರಾಮೇಶ್, ಮಗುವಿನ ಕಾಲು ಹಿಡಿದುಕೊಂಡು.

"ಬರೀಬೇಡಿ ಮೇಡಂ. ಅದು ಬಲಗಣ್ಣಲ್ಲ. ನಾನು ತಿರುಗಿಸಿದ್ದು."

"ಏನ್ ತಿರುಗಿಸಿದಿ?" ಕೇಳಿದ್ದು ಅವನು.

"ಫೋಟೋ. ಎದುರು ಪುಟಕ್ಕೆ ಹೊಂದಲಿ ಅಂತ. ಏಳನೇದನ್ನ ಮಾತ್ರ. ಬಿಳಿ ಇದ್ದದ್ದು ಮೂರರಲ್ಲೂ ಎಡಗಣ್ಣಲ್ಲೇ."

ಡಾಕ್ಟರ್ ಗೀಟು ಎಳೆದು ಹೊಡೆದುಹಾಕಿದರು. ಹೊಸದಾಗಿ ಬರೆದರು. ನನ್ನ ಕಡೆ ನೋಡಲಿಲ್ಲ, ನೋಡಬಾರದು ಅಂತಲೇ ಇರಬೇಕು.

ಸಿದ್ದರಾಮೇಶ್ ನೋಡಿದ. ಆಮೇಲೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದ.


28 ಅಕ್ಟೋಬರ್, ಮಂಗಳವಾರ. ಸಂಜೆ

ಅರಿವಳಿಕೆ ಕೊಟ್ಟು ಎರಡೂ ಕಣ್ಣು ಪರೀಕ್ಷೆ ಮಾಡಿದರು. ಬಲಗಣ್ಣು ಸ್ವಚ್ಛ. ಎಡಗಣ್ಣು ತುಂಬಿಹೋಗಿದೆ. ತೆಗೆಯಬೇಕು. ತೆಗೆದ ಮೇಲೆ ಪರೀಕ್ಷೆಗೆ ಕಳಿಸುತ್ತಾರೆ, ಹರಡಿದೆಯೋ ಇಲ್ಲವೋ ಆಗ ಗೊತ್ತಾಗುವುದು. ಜೀವ ಉಳಿಯುವ ಸಾಧ್ಯತೆ ಚೆನ್ನಾಗಿದೆ ಅಂದರು. ಚೆನ್ನಾಗಿದೆ — ಆ ಪದ ಹಿಡಿದುಕೊಂಡು ಕೂತಿದ್ದೇನೆ.

"ಸೆಪ್ಟೆಂಬರ್‌ನಲ್ಲೇ ಬಂದಿದ್ದರೆ ಕಣ್ಣು ಉಳೀತಿತ್ತಾ ಮೇಡಂ?"

"ಹೇಳಕ್ಕಾಗಲ್ಲ ಅಮ್ಮ."

ಹೌದು ಅಂದಿದ್ದರೂ ಆಗಿತ್ತು. ಇಲ್ಲ ಅಂದಿದ್ದರೂ ಆಗಿತ್ತು.

ಸಿದ್ದರಾಮೇಶ್ ನಿನ್ನೆಯಿಂದ ನನ್ನ ಜೊತೆ ಮಾತಾಡಿಲ್ಲ. ಬೇಕಾದದ್ದನ್ನು ಗಾಳಿಗೆ ಹೇಳುತ್ತಾನೆ — ಬಿಸಿನೀರು ಸಿಗ್ತೈತಾ, ರಸೀದಿ ಎಲ್ಲೈತಿ. ಅತ್ತೆ ಎಲ್ಲಾ ಕೇಳಿಸಿಕೊಂಡಿದ್ದಾರೆ. ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಮಗುವಿನ ಬಟ್ಟೆ ಮಡಚುತ್ತಾ ಶುರುಮಾಡಿದರು.

"ಫೋಟೋ ಬ್ಯಾಡ ಅಂದಿದ್ದೆ ನಾನು."

ನಾನೂ ಒಂದು ಕುಲಾವಿ ಎತ್ತಿಕೊಂಡು ಮಡಚಿದೆ.

"ನೀ ನನ್ನ ಮಾತು ಕೇಳಿದ್ರ ಯಾರಿಗೂ ಗೊತ್ತೇ ಆಗ್ತಿರಲಿಲ್ಲ. ಹಂಗೇ ಬೆಳಕೊಂತ ಹೋಗ್ತಿತ್ತು." ಅಂಗಿಯೊಂದನ್ನು ಕೊಡವಿದರು. "ಆದ್ರ ತಿರುಗಿಸಬಾರದಿತ್ತು, ರಮ್ಯಾ. ಕೂಸು ಹೆಂಗ ನೋಡ್ತೈತೋ ಹಂಗ ಬಿಡಬೇಕಿತ್ತು."

"ಹೌದು ಅತ್ತೆ."

"ಉಣ್ಣು ಏಳು. ಎರಡು ದಿನ ಆತು. ಹಾಲು ಎಲ್ಲಿಂದ ಬರ್ತೈತಿ?"


30 ಅಕ್ಟೋಬರ್, ಗುರುವಾರ. ಬೆಳಿಗ್ಗೆ 6.10

ಎರಡನೇ ಮಹಡಿ, ಆಪರೇಷನ್ ಥಿಯೇಟರ್ ಹೊರಗೆ. ಮೊದಲನೇ ಕೇಸ್ ಇಂಚರ. ರಾತ್ರಿ ಎರಡು ಗಂಟೆಯಿಂದ ಹಾಲಿಲ್ಲ, ನನ್ನ ಸೆರಗು ಜಗ್ಗಿ ಜಗ್ಗಿ ಸುಸ್ತಾಗಿ ಅತ್ತೆಯ ಹೆಗಲ ಮೇಲೆ ಬಿದ್ದಿದ್ದಾಳೆ.

ನರ್ಸ್ ಬಂದು ನೀಲಿ ಪೆನ್ನಿನಲ್ಲಿ ಹಣೆಯ ಮೇಲೆ ಬಾಣ ಬರೆದಳು. ಯಾವ ಕಣ್ಣು ಅಂತ ತಪ್ಪಬಾರದಲ್ಲ, ಅದಕ್ಕೆ.

"ಎಡಗಣ್ಣಾ?" ಅಂದೆ.

"ಎಡಗಣ್ಣೇ ಅಮ್ಮ."

"ಮಗುವಿನ ಎಡ. ನಿಮ್ಮ ಎಡ ಅಲ್ಲ."

"ಗೊತ್ತಮ್ಮ."

"ಎದುರಿಗೆ ನಿಂತರೆ ಅದು ನಿಮ್ಮ ಬಲಗೈ ಕಡೆ ಬರುತ್ತೆ."

"ಅಮ್ಮಾ, ಪರ್ವಾಲೇದು, ಪರವಾಗಿಲ್ಲ. ಮೂರು ಜನ ಚೆಕ್ ಮಾಡ್ತೀವಿ." ತೆಲುಗಿನವಳು, ಚಿತ್ತೂರು ಕಡೆಯವಳಂತೆ. ಬೇಜಾರು ಮಾಡಿಕೊಳ್ಳಲಿಲ್ಲ.

ಒಪ್ಪಿಗೆ ಫಾರಂ ಬಂತು. ಸಿದ್ದರಾಮೇಶ್ ನಿಂತೇ ಓದಿದ, ಒಂದೊಂದೇ ಸಾಲು, ಬೆರಳಿಟ್ಟುಕೊಂಡು. ಸಹಿ ಮಾಡುವ ಜಾಗಕ್ಕೆ ಬಂದು ನಿಂತುಬಿಟ್ಟ. ಪೆನ್ನು ಕೆಳಗಿಡಲೂ ಇಲ್ಲ, ಬರೆಯಲೂ ಇಲ್ಲ. ತಲೆ ಎತ್ತಿ ನನ್ನನ್ನು ನೋಡಿದ. ಸೋಮವಾರದ ನಂತರ ಇದೇ ಮೊದಲು.

"ಎಡಗಣ್ಣು ಅಂತ ಬರದಾರ. ಸರಿ ಐತೇನು?"

ಅವನ ಕೈಯಲ್ಲಿ ಡಾಕ್ಟರರ ವರದಿ ಇದೆ, ಸ್ಕ್ಯಾನ್ ಇದೆ, ಬಾಣ ಕಣ್ಣೆದುರಿಗೇ ಇದೆ. ಆದರೂ ನನ್ನನ್ನು ಕೇಳಿದ.

"ಸರಿ ಐತಿ" ಅಂದೆ. ಅವರ ಮನೆಯ ಮಾತು ಬಾಯಿಗೆ ಬಂತು. "ಅವಳ ಎಡ."

ಸಹಿ ಮಾಡಿದ. ಪೆನ್ನು ನನಗೆ ಕೊಟ್ಟ. ನಾನೂ ಮಾಡಿದೆ.

ಅತ್ತೆ ಮಗುವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಇಲ್ಲಿಂದ ನೋಡಿದರೆ ಬಾಣ ಇನ್ನೊಂದು ಕಣ್ಣಿನ ಕಡೆಗೆ ಇದ್ದ ಹಾಗೆ ಕಾಣುತ್ತಿದೆ. ಮಗು ತಿರುಗಿದ್ದಕ್ಕೆ. ಗೊತ್ತು, ತಿರುಗಿದ್ದಕ್ಕೇ. ಆದರೂ ಬಾಗಿಲು ತೆರೆಯುವುದರೊಳಗೆ ಇನ್ನೊಂದು ಸಲ ಹೋಗಿ ಎದುರಿಗೆ ನಿಂತು ನೋಡಿ ಬರುತ್ತೇನೆ, ಅವಳ ಎಡ ಅಂದರೆ ನನ್ನ ಬಲ. ಬಾಗಿಲು ತೆರೆಯಿತು.