ದೂರದಲ್ಲಿರುವವರ ಪಾಲು

ಕದ್ರಿ ಗುಡ್ಡ, ಮಂಗಳೂರು
9-9-1963

ಪ್ರೀತಿಯ ಪಪ್ಪಾ,

ಸಮುದ್ರ ಬೋಳಾರದಿಂದ ಇನ್ನೂ ಇಳಿದಿಲ್ಲ. ಅಲ್ಲಿನ ನಮ್ಮ ಮನೆಯ ಮಾಡು ಕೂಡ ಈಗ ಕಾಣುವುದಿಲ್ಲ. ನೀವು ಒಣ ನೆಲ ಹುಡುಕಿಕೊಂಡು ಹೋದ ಮೇಲೆ, ಗುಡ್ಡದ ಗದ್ದೆಯಲ್ಲಿ ಉಪ್ಪುನೀರಿಗೂ ಸಾಯದ ಸ್ವಲ್ಪ ಭತ್ತ ಬೆಳೆಯಿತು. ಒಂದೇ ಕಡೆ ಇಟ್ಟರೆ ನೀರುಪಾಲಾದೀತೆಂದು ಪಾದ್ರಿಗಳು ಅದನ್ನು ಬಿತ್ತನೆಗೆಂದೇ ಮನೆಮನೆಗೆ ಹಂಚಿದ್ದರು.

ನಿನ್ನೆ ಮಾತೆ ಮರಿಯಮ್ಮನ ಮೊಂತಿ ಹಬ್ಬ. ಹೊಸ ಅಕ್ಕಿ ಬಾಯಿಗೆ ಹಾಕದೆ ಎಂತ ಹಬ್ಬ ಎಂದು ಅಮ್ಮ ನಮ್ಮ ಕಾಳು ಸುಲಿದು ತೆಂಗಿನ ಹಾಲಿಗೆ ಹಾಕಿದರು. ಒಂದು ಮನೆಯವರು ತಿಂದರೆ ಏನಾಗುತ್ತದೆ ಎಂದುಕೊಂಡಿದ್ದರು. ಎಲ್ಲ ಮನೆಯವರೂ ಹಾಗೆಯೇ ಎಂದುಕೊಂಡಿದ್ದರು. ಬೆಳಿಗ್ಗೆ ದೋಣಿಯ ಪೂವಪ್ಪಣ್ಣ ಬಂದು, ನೀವಿರುವ ಕಡೆಗೆ ಒಯ್ಯಲು ಬಿತ್ತನೆಯ ಭತ್ತ ಕೇಳಿದಾಗ ಎಲ್ಲ ಮನೆಯವರೂ ಖಾಲಿ ಚೀಲ ತೋರಿಸಿದರು. “ಎಂತ ಮಾಡಿದ್ದು ಮಾರಾಯ್ರೆ ನೀವು?” ಎಂದು ಅವರು ಅಲ್ಲೇ ಕುಳಿತುಬಿಟ್ಟರು.

ಗುಡ್ಡದಲ್ಲಿ ಉಳಿದದ್ದು ನಿಮ್ಮ ಪಾಲು ಮಾತ್ರ. ದೂರದಲ್ಲಿರುವವರಿಗೆಂದು ಪ್ರತಿವರ್ಷ ಮಾಡುವಂತೆ ಅಮ್ಮ ಅದನ್ನು ಸುಲಿಯದೆ ತೆಗೆದಿಟ್ಟಿದ್ದರು. ಬಟ್ಟೆಯಲ್ಲಿ ಕಟ್ಟಿ ಈ ಪತ್ರದ ಜೊತೆ ಪೂವಪ್ಪಣ್ಣನ ಕೈಯಲ್ಲಿ ಕಳಿಸಿದ್ದೇನೆ. ಅವರ ದೋಣಿಯಲ್ಲಿ ಇನ್ನೊಬ್ಬರಿಗೆ ಜಾಗವಿಲ್ಲ.

ಹಬ್ಬದ್ದೆಂದು ತಿನ್ನಬೇಡಿ. ನೆಲ ಸಿಕ್ಕಿದ್ದರೆ ಅಲ್ಲೇ ಬಿತ್ತಿ. ಇಲ್ಲಿನ ಗದ್ದೆಗೂ ಇವತ್ತು ಸಮುದ್ರದ ನೀರು ಬಂದಿದೆ. ತಮ್ಮ ಸೆವರಿನ್ ಅದರಲ್ಲಿ ಕಾಗದದ ದೋಣಿ ಬಿಡುತ್ತಿದ್ದಾನೆ. ಬಿತ್ತುವುದನ್ನು ಬಿಟ್ಟು ನಮ್ಮನ್ನು ಕರೆದೊಯ್ಯಲು ಬರಬೇಡಿ. ಹೀಗೆ ಬರೆದದ್ದು ಅಮ್ಮನಿಗೆ ಗೊತ್ತಿಲ್ಲ.

ಪೈರು ಬಂದರೆ, ಮುಂದಿನ ಹಬ್ಬಕ್ಕೆ ನಮ್ಮ ಮೂವರ ಪಾಲು ತೆಗೆದಿಡಿ.

ನಿಮ್ಮ ಮಗಳು,
ಜೆಸ್ಸಿ