ಕೂಸುತೋಪಿನ ಹತ್ತಿರ ರಸ್ತೆ ಬಾಗಿದ್ದು

ತೇವಾರಂ
20-6-1998

ನನ್ನ ಕಣ್ಣು ಅಭಿರಾಮಿಗೆ,

ಮೈ ಹೇಗಿದೆ ತಾಯಿ? ನಿದ್ದೆ ಹತ್ತುತ್ತಿದೆಯೇ? ಅನ್ನ ಸೇರುತ್ತಿದೆಯೇ? ಬೀಗತಿ ಮುತ್ತಮ್ಮಾಳ್ ಅವರ ಮಂಡಿನೋವು ಈಗ ಹೇಗಿದೆ? ಎಳ್ಳೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ತಿಕ್ಕಲು ಹೇಳು, ನನಗೆ ಅದರಿಂದ ಗುಣವಾಯಿತು. ದಿಂಡಿಗಲ್ಲಿನ ಆ ಬಿಸಿಲಲ್ಲಿ, ಬೀದಿಯ ಎರಡೂ ಕಡೆ ಬೀಗ ಮಾಡುವವರ ಸುತ್ತಿಗೆ ಸದ್ದಿನ ನಡುವೆ, ನೀನು ಮಧ್ಯಾಹ್ನ ಒಂದಿಷ್ಟು ಕಣ್ಣು ಮುಚ್ಚುವುದಾದರೂ ಹೇಗೋ ಎಂದು ಇಲ್ಲಿ ಕೂತು ಯೋಚಿಸುತ್ತಿರುತ್ತೇನೆ. ಈ ಕಾಗದದ ಅಕ್ಷರ ತಮಿಳಿನದು, ಮಾತು ಮಾತ್ರ ನಮ್ಮ ಮನೆಯ ಕನ್ನಡ. ಪೂರಾ ತಮಿಳಿನಲ್ಲೇ ಬರೆದರೆ ತಾಲೂಕು ಆಫೀಸಿಗೆ ಅರ್ಜಿ ಬರೆದ ಹಾಗಾಗುತ್ತದೆ. ಅವಸರ ಮಾಡದೆ, ಬಾಯಿಬಿಟ್ಟು ಓದಿಕೋ. ಆಗ ನಾನೇ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಕೇಳುತ್ತದೆ.

ಇಲ್ಲಿ ಬೆಟ್ಟದ ಗಾಳಿ ಶುರುವಾಗಿದೆ. ಕೇರಳದ ಮಳೆ ಬೆಟ್ಟದ ನೆತ್ತಿಯವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ನಮಗೆ ಸಿಗುವುದು ಅದರ ವಾಸನೆ ಮಾತ್ರ, ಅದರ ಜೊತೆ ಯಾವಾಗಲಾದರೂ ಒಂದೆಳೆ ಏಲಕ್ಕಿಯ ವಾಸನೆ. ಹಗಲೆಲ್ಲ ತೆಂಗಿನ ಗರಿಗಳು ಮೊರೆಯುತ್ತಿರುತ್ತವೆ. ಮೋಡದ ನೆರಳು ಹೊಲದ ಮೇಲೆ ಹಾದುಹೋದರೆ ಊರೇ ಅರ್ಧ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಕಾಣುತ್ತದೆ. ಹಿತ್ತಲಿನ ನುಗ್ಗೆಮರ ಗಾಳಿಗೆ ಮುರಿದುಬಿತ್ತು. ಕಾಯಿಯನ್ನೆಲ್ಲ ಬೀದಿಗೆ ಹಂಚಿದೆ, ಒಂದು ವಾರ ಯಾರ ಮನೆಗೆ ಹೋದರೂ ನುಗ್ಗೆಕಾಯಿ ಸಾರೇ.

ಈಗ ಊರಿನ ದೊಡ್ಡ ಸುದ್ದಿ. ನಮ್ಮೂರಿನಿಂದ ಬೋಡಿಗೆ ಹೋಗುವ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ಶಿವರಾತ್ರಿಯ ಹೊತ್ತಿಗೆ ಅಳೆಯುವವರು ಬಂದು ಕಲ್ಲು ನೆಟ್ಟು, ಕಡಿಯಬೇಕಾದ ಮರಗಳಿಗೆ ಕೆಂಪು ಬಣ್ಣ ಬಳಿದು ಹೋದರು. ಎಲ್ಲರಿಗೂ ಸಂತೋಷವೇ. ಗುಂಡಿಬಿದ್ದ ಈ ದಾರಿಯಲ್ಲಿ ಕುಲುಕಿ ಕುಲುಕಿ ಒಡ್ಡನ್‌ಛತ್ರದ ಮಂಡಿ ಮುಟ್ಟುವ ಹೊತ್ತಿಗೆ ನಮ್ಮ ಟೊಮೆಟೊ ಅರ್ಧ ಗೊಜ್ಜಾಗಿರುತ್ತಿತ್ತು ಎಂಬುದು ನಿನಗೆ ಗೊತ್ತೇ ಇದೆ. ನಿನ್ನ ಗಂಡ ಶಿವಬಾಲನ್ ಕೂಡ ಮೊದಲು ಕುಣಿದಾಡಿದ್ದ. ಆದರೆ ಬಣ್ಣ ಬಳಿದ ದಿನ ಮಧ್ಯಾಹ್ನ ಮನೆಗೆ ಬಂದವನು ಎಲೆಯ ಮುಂದೆ ಕೂತು, ಅನ್ನ ಕಲಸಿ, ಹಾಗೇ ಎದ್ದುಹೋದ. ಯಾಕೆಂದು ನಿನ್ನ ಮಾವನನ್ನು ಕೇಳಿದೆ. ಅವರು ಜಗಲಿಯ ಕಂಬಕ್ಕೆ ಒರಗಿಕೊಂಡು, ನನ್ನ ಮುಖ ನೋಡದೆ, “ಕೂಸುತೋಪಿನ ಮರಕ್ಕೂ ಬಣ್ಣ ಬಳ್ದವ್ರೆ” ಎಂದರು.

ಕೂಸುತೋಪು ಎಂದರೇನೆಂದು ನಿನಗೆ ಯಾರೂ ಹೇಳಿಲ್ಲ ತಾಯಿ. ಬಸ್ಸಿನಲ್ಲಿ ಬರುವಾಗ ಊರು ಇನ್ನೇನು ಬಂತು ಎನ್ನುವಲ್ಲಿ ಎಡಗಡೆ ಒಂದು ಗುಂಪು ಹೊಂಗೆಮರಗಳಿವೆಯಲ್ಲ, ಅದೇ. ಹಲ್ಲು ಮೂಡುವ ಮುಂಚೆ ಹೋದ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ. ಅಲ್ಲಿ ಮಣ್ಣಿಗೆ ಕೊಡುತ್ತಾರೆ. ಗಂಡಸರು ಮಾತ್ರ ಹೋಗಿಬರುತ್ತಾರೆ. ಕಲ್ಲಿಲ್ಲ, ಗುರುತಿಲ್ಲ. ಹೆಂಗಸರು ಆ ಕಡೆ ಹೋಗಬಾರದು, ಕೇಳಲೂಬಾರದು. ತೊಟ್ಟಿಲಿಗೆ ಹಾಕುವ ಮೊದಲೇ ಹೋದ ನಿನ್ನ ಮಗಳು ಅಲ್ಲಿದ್ದಾಳೆ. ಹಸಿಮೈಯಲ್ಲಿ ಕೂತು ನೀನು “ಎಲ್ಲಿ ಬುಟ್ಟು ಬಂದ್ರಿ? ಒಂದು ಸಲ ತೋರ್ಸಿ” ಎಂದು ಕೇಳಿದೆ. ಶಿವಬಾಲನ್ ಗೋಡೆಯ ಕಡೆ ತಿರುಗಿಕೊಂಡ. ಅವನ ಬೆನ್ನನ್ನು ನೋಡಿ ನೋಡಿ ಸಾಕಾಗಿ, ಪೊಂಗಲ್ ಕಳೆದ ಮೇಲೆ ನೀನು ಬಟ್ಟೆ ಜೋಡಿಸಿಕೊಂಡು ತವರಿಗೆ ಹೊರಟೆ. ನಾನು ನಿನ್ನನ್ನು ತಡೆಯಲಿಲ್ಲ. ಯಾಕೆಂದರೆ ಶಿವಬಾಲನ್‌ಗೆ ಮುಂಚೆ ನನಗೂ ಒಂದು ಗಂಡುಕೂಸು ಹುಟ್ಟಿತ್ತು. ಅದನ್ನೂ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು. ಎಲ್ಲಿ ಎಂದು ನನಗೂ ಯಾರೂ ಹೇಳಲಿಲ್ಲ. ಬೋಡಿಗೆ ಹೋಗಿಬರುವಾಗಲೆಲ್ಲ ಆ ಹೊಂಗೆಮರ ಕಂಡೊಡನೆ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಅತ್ತ ನೋಡುತ್ತಿದ್ದೆ, ಅಷ್ಟೇ. ಎಷ್ಟೋ ಮಧ್ಯಾಹ್ನ ಮಲಗಿದ್ದಾಗ ಆ ತೋಪು ಕನಸಿನಲ್ಲಿ ಬರುತ್ತಿತ್ತು. ಉದುರಿದ ಹೊಂಗೆಹೂವಿನ ಮೇಲೆ ಪುಟ್ಟ ಪುಟ್ಟ ಹೆಜ್ಜೆಗಳು, ಮಕ್ಕಳು ಮಾತ್ರ ಕಾಣುವುದಿಲ್ಲ, ನಗು ಕೇಳಿಸುತ್ತದೆ.

ಅದರ ಮೇಲೆ ಡಾಂಬರು ಹಾಕಿ ಲಾರಿ ಓಡಿಸುತ್ತಾರೆ ಎಂದಾಗ ನನ್ನ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ಬೀದಿಯ ವಳ್ಳಿ, ಕಮಲಮ್ಮಾಳ್, ಇನ್ನೂ ನಾಲ್ಕಾರು ಹೆಂಗಸರನ್ನು ಕರೆದುಕೊಂಡು ರಸ್ತೆ ಅಳೆಯುವಲ್ಲಿಗೇ ಹೋದೆ. ಇಂಜಿನಿಯರು ತೇನಿಯಿಂದ ಬಂದ ಹುಡುಗ, ಮೀಸೆ ಇನ್ನೂ ತೆಳ್ಳಗಿದೆ. ನಾವು ಹೇಳಿದ್ದನ್ನು ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಈ ಕಡೆ ಮರ ಬಿಡಬೇಕಾದರೆ ರಸ್ತೆಯನ್ನು ಆ ಕಡೆ ಬಾಗಿಸಬೇಕು, ಆ ಕಡೆ ಜಾಗ ಕೊಳ್ಳುವುದಕ್ಕೆ ಸರ್ಕಾರದಲ್ಲಿ ಹಣವಿಲ್ಲ, ಯಾರಾದರೂ ಬಿಟ್ಟುಕೊಟ್ಟರೆ ಬೇಕಾದರೆ ತಾನು ಮೇಲಿನವರಿಗೆ ಬರೆಯುತ್ತೇನೆ ಎಂದ. ಆ ಕಡೆಯ ಜಾಗ ಯಾರದೆಂದು ನಿನಗೇ ಗೊತ್ತು. ಕಾಳಿಮುತ್ತುವಿನ ತೆಂಗಿನ ತೋಟ! ಕಾಲುವೆ ನೀರಿನ ಜಗಳವಾದ ಮೇಲೆ ನಿನ್ನ ಮಾವನೂ ಅವನೂ ಮದುವೆ ಮನೆಯಲ್ಲಿ ಒಂದೇ ಪಂಕ್ತಿಗೆ ಕೂತವರಲ್ಲ.

ನಿನ್ನ ಮಾವ “ಅವ್ನ ಬಾಗ್ಲಿಗೆ ನಾನ್ ಹೋಗಕಿಲ್ಲ” ಎಂದರು. ಹೋಗಬೇಡಿ ಎಂದೆ. ನಾನು ಹಿತ್ತಲ ಬಾಗಿಲಿನಿಂದ ಹೋದೆ. ಕಾಳಿಮುತ್ತುವಿನ ತಾಯಿ ಕರುಪ್ಪಾಯಿ ದೊಡ್ಡವ್ವ ಮೊರದಲ್ಲಿ ಅವರೆಕಾಳು ಆರಿಸುತ್ತಿದ್ದಳು. ಕಣ್ಣು ಮಬ್ಬಾಗಿದೆ, ದನಿ ಕೇಳಿ ಗುರುತು ಹಿಡಿದಳು. ಎಲ್ಲ ಹೇಳಿದೆ. ಅವಳು ಮೊರ ಪಕ್ಕಕ್ಕಿಟ್ಟು, ಕೈ ಚಾಚಿ, “ಹಿಡ್ಕ, ನಡಿ” ಎಂದಳು. ಆ ಗಾಳಿಯಲ್ಲಿ ಅವಳ ಬಿಳಿ ಕೂದಲು ಹಾರುತ್ತಿತ್ತು, ನಾವಿಬ್ಬರೂ ನೆಲದ ಮೇಲಲ್ಲ, ನೀರಿನ ಮೇಲೆ ನಡೆಯುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತಿತ್ತು. ತೋಟದಲ್ಲಿ ನೀರಿನ ಮಡೆ ತಿರುಗಿಸುತ್ತಿದ್ದ ಮಗನ ಮುಂದೆ ಹೋಗಿ ನಿಂತಳು.

“ಡೇ ಕಾಳಿಮುತ್ತು, ನಿನಗ್ ಮುಂಚೆ ನಾ ಹೆತ್ತ ಎರಡು ಕೂಸು ಆ ಹೊಂಗೆಮರದಡೀಲಿ ಮಲಗವೆ. ಅವು ಇದ್ದಿದ್ರೆ ಈ ತೋಟದಾಗೆ ಅವುಕ್ಕೂ ಪಾಲು ಇರ್ತಿತ್ತಲ್ಲ? ಆ ಪಾಲು ಈಗ ಕೊಡ್ಡಾ” ಎಂದಳು.

ಕಾಳಿಮುತ್ತು ಗುದ್ದಲಿ ಊರಿಕೊಂಡು ನಿಂತುಬಿಟ್ಟ. ಮಡೆ ಒಡೆದು ನೀರು ಎತ್ತಲೋ ಹರಿಯುತ್ತಿದ್ದರೂ ಅವನಿಗೆ ಎಚ್ಚರವಿಲ್ಲ. ಕೊನೆಗೆ “ನಂಗೆ ಯಾಕವ್ವಾ ಇಷ್ಟು ದಿನ ಹೇಳ್ಲಿಲ್ಲ?” ಎಂದ. “ನೀ ಯಾವತ್ತು ಕೇಳ್ದೆ?” ಎಂದಳು ದೊಡ್ಡವ್ವ. ನಾನು ಹೊಂಗೆಮರಗಳ ಕಡೆ ತಿರುಗಿ ನಿಂತುಕೊಂಡೆ. ಪರಗಂಡಸು ಅಳುವುದನ್ನು ನಾನು ನಿಂತು ನೋಡುವುದು ಸರಿಯಲ್ಲ.

ಸಂಜೆ ಚಾವಡಿಯಲ್ಲಿ ನಮ್ಮವರೆಲ್ಲ ಸೇರಿದ್ದಾಗ ಅವನೇ ಬಂದು ಹೇಳಿದ, ರಸ್ತೆಯ ಉದ್ದಕ್ಕೂ ಒಂದು ಸಾಲು ತೆಂಗಿನ ಜಾಗ ಬಿಟ್ಟುಕೊಡುತ್ತೇನೆ ಎಂದು. ಒಂದೇ ತೊಡಕು, ಅವನ ಪಂಪುಸೆಟ್ಟಿನ ಕೊಠಡಿ ಅದೇ ಸಾಲಿನಲ್ಲಿತ್ತು. ಅದನ್ನು ಕೆಡವಿ ಒಳಗೆ ಕಟ್ಟಿಕೊಡಬೇಕು, ತೋಪಿಗೂ ಒಂದು ಗೋಡೆ ಬೇಕು. ನಮ್ಮ ಕುಲದವರು ಬೆಳೆ ಬೆಳೆಗೂ ಒಂದಿಷ್ಟು ಹಾಕಿ ಕೂಡಿಸಿದ ಹಣವಿತ್ತಲ್ಲ, ಬೀದಿಯ ತಲೆಯಲ್ಲಿ ದೊಡ್ಡ ಕಮಾನು ಕಟ್ಟಬೇಕೆಂದು? ಆ ಕಮಾನು ನಿನ್ನ ಮಾವನ ಆಸೆ. ಎರಡು ನವಿಲು ಎದುರುಬದುರು ಕೂತ ಹಾಗೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದುಕೊಂಡಿದ್ದರು. ಎಲ್ಲರೂ ಅವರ ಮುಖ ನೋಡಿದರು. ಅವರು ಕಾಳಿಮುತ್ತುವನ್ನೇ ನೋಡುತ್ತ, “ಕಮಾನು ಇನ್ನೊಂದ್ ಸಲ ಕಟ್ಕಬೋದಪ್ಪ. ನಿನ್ನ ಕೊಠಡಿ ಮೊದ್ಲು ಎತ್ತಾಣ” ಎಂದರು. ಹಾಗೆ ಮಾತು ಬಿಟ್ಟವರು ಮಾತಾಡಿದರು. ಮೇಲಿನವರ ಒಪ್ಪಿಗೆಯೂ ಬಂತು. ಈಗ ರಸ್ತೆ ಅಲ್ಲಿ ಹಸು ಕತ್ತು ತಿರುಗಿಸಿದ ಹಾಗೆ ಮೆಲ್ಲಗೆ ಬಾಗಿ ಹೋಗುತ್ತದೆ.

ಗೋಡೆ ಮುಗಿದ ಶುಕ್ರವಾರ ನಾವು ಹೆಂಗಸರು ಮೊದಲ ಸಲ ಒಳಗೆ ಕಾಲಿಟ್ಟೆವು. ಯಾರೂ ಬೇಡವೆನ್ನಲಿಲ್ಲ. ಚೊಂಬಿನಲ್ಲಿ ಹಾಲು ತಂದಿದ್ದೆವು. ಆದರೆ ಎಲ್ಲಿ ಹುಯ್ಯುವುದು? ನೆಲವೆಲ್ಲ ಒಂದೇ ಸಮ, ಮೇಲಿಂದ ಹೊಂಗೆಯ ಹೂವು ಪುರಿ ಚೆಲ್ಲಿದಂತೆ ಉದುರುತ್ತಲೇ ಇತ್ತು. ಗಂಡಸರು ಗೋಡೆಯ ಆಚೆ ತಲೆತಗ್ಗಿಸಿ ನಿಂತಿದ್ದರು. ಆಮೇಲೆ ನಿನ್ನ ಮಾವ ಒಳಗೆ ಬಂದರು. ಮರದಿಂದ ಮರಕ್ಕೆ ಅಲೆದರು. ಆಗಿನ ಗಿಡಗಳೆಲ್ಲ ಈಗ ಮರವಾಗಿವೆ, ಗುರುತು ಹತ್ತಲಿಲ್ಲ. “ಇಲ್ಲೇ ಎಲ್ಲೋ ಗೋವಿಂದು” ಎಂದು ನನ್ನನ್ನು ಹೆಸರು ಹಿಡಿದು ಕರೆದರು. ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ಹೆಸರು. ನನಗೆ ಅಷ್ಟು ಸಾಕಾಯಿತು ತಾಯಿ. ಇಡೀ ತೋಪೇ ನನ್ನ ಮಗನಾಯಿತು. ನಿಂತಲ್ಲೇ ಹಾಲು ಹುಯ್ದೆ.

ಶಿವಬಾಲನ್ ಅಲೆಯಲಿಲ್ಲ. ನೇರವಾಗಿ ನಡೆದು, ಕವಲೊಡೆದ ಒಂದು ಮರದ ಪಡುವಣ ಮಗ್ಗುಲಿಗೆ ಹೋಗಿ ಮಂಡಿಯೂರಿದ. “ಅವ್ವಾ, ಇಲ್ಲೇ ಅವಳೆ” ಎಂದ. ಆ ಜಾಗ ಗುಡಿಸಿತ್ತು. ಒದ್ದೆಯಾಗಿತ್ತು. ಒಂದು ಕಡ್ಡಿಯೂ ಇರಲಿಲ್ಲ. ಆಗ ಗೊತ್ತಾಯಿತು, ಟೊಮೆಟೊಗೆ ನೀರು ಬಿಡಲು ಹೋಗುತ್ತೇನೆಂದು ದಿನವೂ ಬೇಗ ಏಳುತ್ತಿದ್ದವನು ಮೊದಲು ಎಲ್ಲಿಗೆ ಹೋಗುತ್ತಿದ್ದನೆಂದು. ಅವನ ಬೆನ್ನ ಮೇಲೆ ಕೈಯಿಟ್ಟೆ. ಒಳಗೆಲ್ಲೋ ಕಲ್ಲು ಜರುಗಿದ ಹಾಗೆ ಅಲುಗಿ, ಅವನು ಅತ್ತ. ಮಗು ಹೋದ ದಿನವೂ ಅಳದವನು ಎಲ್ಲರ ಮುಂದೆ, ನಾಚದೆ, ನೆಲಕ್ಕೆ ಹಣೆ ಹಚ್ಚಿ ಅತ್ತ. ಅವನನ್ನು ಯಾರೂ ಎಬ್ಬಿಸಲಿಲ್ಲ.

ಈಗ ಮಧ್ಯಾಹ್ನದ ಹೊತ್ತು ನಾವು ಅಲ್ಲೇ ಹೋಗಿ ಕೂರುತ್ತೇವೆ. ಕರುಪ್ಪಾಯಿ ದೊಡ್ಡವ್ವ ಹೂವಿನ ಮೇಲೆ ಸೆರಗು ಹಾಸಿ ಮಲಗಿಬಿಡುತ್ತಾಳೆ. ಶಾಲೆ ಬಿಟ್ಟ ಮಕ್ಕಳು ಬಂದು ಆಡುತ್ತವೆ, ಬೈಯುವವರಿಲ್ಲ. ಬೋಡಿ ಬಸ್ಸಿನ ಡ್ರೈವರು ಆ ತಿರುವಿನಲ್ಲಿ ಹಾರನ್ ಹೊಡೆಯದೆ ನಿಧಾನವಾಗಿ ಹೋಗುತ್ತಾನೆ. ಯಾರು ಹೇಳಿದರೋ ತಿಳಿಯದು.

ನೀನು ಬರಬೇಕೆಂದು ನಾನು ಬರೆಯುತ್ತಿಲ್ಲ. ನಿನ್ನ ಮನಸ್ಸು ಯಾವಾಗ ಹೇಳುತ್ತದೋ ಆಗ ಬಾ, ಹೇಳದಿದ್ದರೂ ನೀನು ನನ್ನ ಮಗಳೇ. ಬೀಗತಿಗೆ ನನ್ನ ನಮಸ್ಕಾರ, ನಿನ್ನ ಅಣ್ಣನಿಗೆ ಕೇಳಿದೆನೆಂದು ಹೇಳು. ಹೊಟ್ಟೆ ತಣ್ಣಗಿರಲಿ, ಕಣ್ಣಿಗೆ ನಿದ್ದೆ ಬರಲಿ.

ನಿನ್ನ ಅತ್ತೆ
ಗೋವಿಂದಮ್ಮಾಳ್

ಮರೆತೆ: ಈ ಕಾಗದವನ್ನು ನಾನು ಟಪಾಲಿಗೆ ಹಾಕುತ್ತಿಲ್ಲ. ಶಿವಬಾಲನ್ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಒಳಗೆ ಏನಿದೆಯೆಂದು ಅವನಿಗೆ ಗೊತ್ತಿಲ್ಲ. ನೀನು ಓದಿ ಮುಗಿಸುವ ಹೊತ್ತಿಗೆ ಒಳಗೆ ಬರಲೂ ಆಗದೆ, ಹೊರಡಲೂ ಆಗದೆ, ನಿಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಮಾತು ಆಮೇಲೆ ಆಡಿಕೊಳ್ಳಿ. ಬೆಳಿಗ್ಗೆ ಏನೂ ತಿನ್ನದೆ ಬಸ್ಸು ಹತ್ತಿರುತ್ತಾನೆ, ಮೊದಲು ಅವನನ್ನು ಒಳಗೆ ಕರೆದು ಎಲೆ ಹಾಕು.